ಖಲೀಫಾ ಸಿಟಿಯಲ್ಲಿ ಮಗಳ ಮನೆ

ಮೊದಲ ಸುಳ್ಳು ಹೇಳಿದವಳು ಸ್ವೀಡಲ್. ಮುಂದೆ ಜೋಸ್ವಿನ್‌ನ ಮೇಲೆ ಎಷ್ಟು ಸಿಟ್ಟು ಬಂದರೂ ಇದೊಂದು ಅವಳ ಗಂಟಲಿಗೆ ಅಡ್ಡ ಬರುತ್ತಿತ್ತು.

ಅವರ ಮದುವೆ 2014ರ ಜನವರಿಯಲ್ಲಿ, ಕಿನ್ನಿಗೋಳಿಯ ಇಗರ್ಜಿಯಲ್ಲಿ ನಡೆಯಿತು. ರಜೆ ಮುಗಿಸಿ ಜೋಸ್ವಿನ್ ದುಬೈಗೆ ಹಿಂತಿರುಗಿದ. ವೀಸಾ ಆಗಿ ಸ್ವೀಡಲ್ ಬಂದಿಳಿಯುವಾಗ ಏಪ್ರಿಲ್ ಕೊನೆಯಾಗಿತ್ತು. ಹುಡುಗನಿಗೆ ಕಂಪನಿಯಲ್ಲಿ ಒಳ್ಳೆಯ ಕೆಲಸ, ದುಬೈಯಲ್ಲಿ ಫ್ಲ್ಯಾಟ್ ಎಂದು ಸಂಬಂಧ ತಂದವರು ಹೇಳಿದ್ದರು. ಟ್ಯಾಕ್ಸಿ ಬಂದು ನಿಂತದ್ದು ಸತ್ವಾದ ಒಂದು ಗಲ್ಲಿಯಲ್ಲಿ. ದರ್ಜಿ ಅಂಗಡಿಗಳ ಹಿಂದೆ ಒಂದು ಹಳೆಯ ವಿಲ್ಲಾ. ಅದರ ಹಾಲನ್ನು ಪ್ಲೈವುಡ್ ಹಾಕಿ ನಾಲ್ಕು ಪಾಲು ಮಾಡಿದ್ದರು, ಒಂದು ಪಾಲು ಇವರದು. ಮಂಚ ಹಾಕಿದ ಮೇಲೆ ಕಾಲಿಡಲು ಉಳಿದದ್ದು ಒಂದು ಚಾಪೆಯಷ್ಟು ಜಾಗ. ಆಚೆ ಪಾಲಿನಲ್ಲಿದ್ದ ಫಿಲಿಪಿನೋ ದಂಪತಿ ಮಗ್ಗುಲು ಬದಲಿಸಿದರೂ ಈಚೆ ಕೇಳುತ್ತಿತ್ತು. ಬಚ್ಚಲು, ಅಡುಗೆಮನೆ ಎಲ್ಲರಿಗೂ ಸೇರಿದ್ದು.

"ಸ್ವಲ್ಪ ದಿನ ಮಾತ್ರ," ಎಂದ ಜೋಸ್ವಿನ್, ಅವಳ ಸೂಟ್‌ಕೇಸನ್ನು ಮಂಚದಡಿಗೆ ತಳ್ಳುತ್ತ. "ಅಲ್ ಬರ್ಷಾದಲ್ಲಿ ಫ್ಲ್ಯಾಟ್ ನೋಡ್ತಾ ಇದ್ದೇನೆ. ನಿನ್ನನ್ನು ಬಿಟ್ಟು ಇರ್ಲಿಕ್ಕೆ ಆಗ್ಲಿಲ್ಲ ಮಾರಾಯ್ತಿ, ಅದಕ್ಕೆ ಬೇಗ ಕರೆಸಿದ್ದು."

ಕೊನೆಯ ಮಾತು ನಿಜವೆಂದು ಅವನ ಮುಖ ಹೇಳುತ್ತಿತ್ತು. ಸ್ವೀಡಲ್‌ಗೆ ಅಳುವೂ ಬಂತು, ಕನಿಕರವೂ ಬಂತು. ಅಷ್ಟರಲ್ಲಿ ಊರಿನಿಂದ ತಾಯಿಯ ಫೋನು ಬಂತು.

"ಮುಟ್ಟಿದಿಯಾ ಬಾಯೆ? ರೂಮು ಎಷ್ಟುಂಟು?"

"ಎರಡು, ಮಮ್ಮಿ."

"ಕಿಟಕಿ?"

"ಉಂಟು. ದೊಡ್ಡದು."

ತಾಯಿ ಅಪೊಲೊನಿಯಾ ಗಂಡ ತೀರಿಕೊಂಡ ಮೇಲೆ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಈ ಒಬ್ಬಳೇ ಮಗಳನ್ನು ಬಿ.ಕಾಂ. ಓದಿಸಿದವಳು. ಮದುವೆಯ ಮರುವಾರ ಅಲ್ಲಿನ ಮದರ್‌ಗೆ ಕೈಮುಗಿದು ಕೆಲಸ ಬಿಟ್ಟಿದ್ದಳು. "ಮಗಳು ದುಬೈಗೆ ಹೋಗ್ತಾಳೆ. ಇನ್ನು ಯಾರ ಮನೆಯ ಸೌಟೂ ನನಗೆ ಬೇಡ," ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅಂಥವಳಿಗೆ ಪ್ಲೈವುಡ್ಡಿನ ಗೋಡೆಯ ಸಂಗತಿ ಹೇಳುವುದು ಹೇಗೆ? ಫ್ಲ್ಯಾಟ್ ಸಿಕ್ಕಿದ ಮೇಲೆ ಎರಡು ಕೋಣೆ ಹೇಗೂ ಆಗುತ್ತದೆ, ಆಗ ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂದು ಸ್ವೀಡಲ್ ಸಮಾಧಾನ ಮಾಡಿಕೊಂಡಳು.

ಮೇ ಕಳೆಯಿತು. ಸತ್ವಾದಲ್ಲಿ ಅವರದು ಪಿಸುಮಾತಿನ ಸಂಸಾರ. ನಗುವುದಾದರೆ ದಿಂಬಿಗೆ ಬಾಯಿಯಿಟ್ಟು ನಗಬೇಕು, ಜಗಳವಾಡುವುದಾದರೆ ಹೊರಗೆ ಹೋಗಬೇಕು. ಹೊರಗೆ ಬೆಂಕಿ. ಸಂಜೆ ಜೋಸ್ವಿನ್ ಕೆಲಸದಿಂದ ಬಂದ ಮೇಲೆ ಇಬ್ಬರೂ ಗಲ್ಲಿಯ ಕೊನೆಯ ಕೆಫೆಟೇರಿಯಾಕ್ಕೆ ಹೋಗಿ ಕಡಕ್ ಚಹಾ ಕುಡಿಯುತ್ತಿದ್ದರು. ಅಲ್ಲಿ ಮಾತ್ರ ಅವನು ದೊಡ್ಡ ಸ್ವರದಲ್ಲಿ ಮಾತಾಡುತ್ತಿದ್ದ. ತಮಾಷೆಯ ಮನುಷ್ಯ, ಕೈ ಬಿಚ್ಚಿ ಖರ್ಚು ಮಾಡುವವನು. ಅವನು ಕೆಟ್ಟವನೆಂದು ಸ್ವೀಡಲ್‌ಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಜೂನ್ ತಿಂಗಳಲ್ಲಿ ಬೆನೆಡಿಕ್ಟ್ ಸರ್ ಅವನನ್ನು ಕರೆದರು. ಜೋಸ್ವಿನ್ ಒಂದು ಏಸಿ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ. ಬೆನೆಡಿಕ್ಟ್ ಆ ಕಂಪನಿಯ ಮ್ಯಾನೇಜರ್. ಶಿರ್ವದ ಕಡೆಯವರು, ಜೋಸ್ವಿನ್‌ಗೆ ವೀಸಾ ಕೊಟ್ಟು ಕರೆಸಿದವರೂ ಅವರೇ. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ವಿಲ್ಲಾ ಮಾಡಿಕೊಂಡಿದ್ದರು. ಶಾಲೆಗೆ ರಜೆ ಬಿದ್ದೊಡನೆ ಹೆಂಡತಿ ಮಕ್ಕಳೊಂದಿಗೆ ಎರಡು ತಿಂಗಳಿಗೆ ಊರಿಗೆ ಹೊರಟಿದ್ದರು. ಕೆಲಸದಾಕೆ ಶ್ರೀಲಂಕಾದವಳು, ಅವಳೂ ತನ್ನ ದೇಶಕ್ಕೆ ಹೋಗಿದ್ದಳು. ಮನೆ ಮುಚ್ಚಿಟ್ಟರೆ ಸೋಫಾಕ್ಕೆ ಬೂಷ್ಟು ಹಿಡಿಯುತ್ತದೆ, ಗಿಡಗಳು ಸಾಯುತ್ತವೆ, ಅಕ್ವೇರಿಯಮ್ಮಿನ ಮೀನುಗಳಿಗೆ ಕಾಳು ಹಾಕುವವರಿಲ್ಲ. ನೀನೂ ನಿನ್ನ ಹೆಂಡತಿಯೂ ಬಂದು ಇರಿ ಎಂದರು. ಅಷ್ಟು ದಿನ ಅಲ್ಲೇ ಹತ್ತಿರದ ಮುಸಫ್ಫಾದ ಗೋದಾಮಿನಲ್ಲಿ ಕೆಲಸ ಮಾಡುವಂತೆ ವ್ಯವಸ್ಥೆಯನ್ನೂ ಮಾಡಿಕೊಟ್ಟರು.

ಸರ್‌ನ ಹೆಂಡತಿ ಮಾರ್ಟಿನಾ ಕೀಲಿ ಕೊಡುವಾಗ ಎಲ್ಲವನ್ನೂ ತೋರಿಸಿದರು. "ಮೇಲಿನ ರೂಮುಗಳಿಗೆ ಬೀಗ ಹಾಕಿದ್ದೇನೆ. ನೀವು ಕೆಳಗಿನ ಗೆಸ್ಟ್ ರೂಮಿನಲ್ಲಿ ಇರಿ. ಅಡುಗೆಮನೆ ನಿನ್ನದೇ ಅಂತ ತಿಳ್ಕೋ ಸ್ವೀಡಲ್. ಒಂದೇ, ಹೊರಗಿನವರನ್ನು ಕರಿಬೇಡಿ, ಆಯ್ತಾ?"

ಮೊದಲ ವಾರ ಸ್ವೀಡಲ್ ಬರಿಗಾಲಿನಲ್ಲಿ ಆ ಮನೆಯ ತುಂಬ ನಡೆದಾಡಿದಳು. ತಣ್ಣಗಿನ ನೆಲ. ಸ್ನಾನಕ್ಕೆ ಯಾರೂ ಬಾಗಿಲು ಬಡಿಯುವುದಿಲ್ಲ. ಮೀನು ಹುರಿದರೆ ಯಾರೂ ಮೂಗು ಮುಚ್ಚುವುದಿಲ್ಲ. ಒಂದು ಸಂಜೆ ಜೋಸ್ವಿನ್ ಅವಳನ್ನು ಎತ್ತಿಕೊಂಡು ಹಾಲಿನಲ್ಲಿ ಸುತ್ತು ಹಾಕಿದ. ಇಬ್ಬರೂ ಗಟ್ಟಿಯಾಗಿ ನಕ್ಕರು. ತನ್ನ ಗಂಡನ ನಗು ಇಷ್ಟು ದೊಡ್ಡದೆಂದು ಸ್ವೀಡಲ್‌ಗೆ ಗೊತ್ತಾದದ್ದು ಆವತ್ತೇ. ಮದುವೆ ನಿಜವಾಗಿ ಆದದ್ದು ಈಗ ಎಂದು ಅವಳಿಗೆ ಅನ್ನಿಸಿತು.

"ಮಾಂಯ್‌ನ ಕರೆಸುವಾ?" ಎಂದ ಜೋಸ್ವಿನ್ ಒಂದು ದಿನ ಊಟ ಮಾಡುತ್ತ. ಅತ್ತೆಯನ್ನು ಅವನು ಮಾಂಯ್ ಎಂದೇ ಕರೆಯುತ್ತಿದ್ದುದು. "ವಿಸಿಟ್ ವೀಸಾ ಮಾಡಿಸ್ತೇನೆ. ನಮ್ಮ ಟ್ರಾವೆಲ್ಸಿನ ಮುನೀರಾ ನಾಲ್ಕು ದಿನದಲ್ಲಿ ತೆಗೆದುಕೊಡ್ತಾಳೆ. ಇಂಥಾ ಮನೆ ಮತ್ತೆ ಯಾವಾಗ ಸಿಗ್ತದೆ?"

"ಹೊರಗಿನವರನ್ನು ಕರಿಬೇಡಿ ಅಂತ ಆಂಟಿ ಹೇಳಿದ್ದಾರಲ್ಲ."

"ಮಾಂಯ್ ಹೊರಗಿನವರಾ? ನಾನು ಸರ್‌ಗೆ ಒಂದು ಮಾತು ಹೇಳ್ತೇನೆ."

"ಮಮ್ಮಿ ಕೇಳಿದ್ರೆ? ಇದು ಯಾರ ಮನೆ ಅಂತ ಹೇಳುವುದು?"

"ನಾವು ಎಂತ ಹೇಳುವುದೂ ಬೇಡ. ಅವರು ನೋಡಿ ಖುಷಿಪಡ್ಲಿ. ಅವರು ಹೋಗುವಷ್ಟರಲ್ಲಿ ಫ್ಲ್ಯಾಟೂ ಆಗ್ತದೆ."

ಎರಡು ದಿನ ಸ್ವೀಡಲ್ ಬೇಡವೆಂದಳು. ಮೂರನೆಯ ದಿನ ತಾಯಿ ಫೋನಿನಲ್ಲಿ, "ಎರಡು ರೂಮಿದ್ದರೆ ಒಂದರಲ್ಲಿ ನನಗೂ ಮಲಗ್ಲಿಕ್ಕೆ ಆಗ್ತದಾ ಅಂತ," ಎಂದು ನಾಚಿಕೊಳ್ಳುತ್ತ ನಕ್ಕಾಗ, ಬಾ ಮಮ್ಮಿ ಎಂದುಬಿಟ್ಟಳು.

ಅಪೊಲೊನಿಯಾ ಬಂದದ್ದು ರಂಜಾನ್ ತಿಂಗಳಲ್ಲಿ, ಜುಲೈಯ ಬಿಸಿಗೆ. ಅವಳು ಬರುವ ಹಿಂದಿನ ದಿನ ಜೋಸ್ವಿನ್ ಗೋಡೆಯ ಮೇಲಿದ್ದ ಬೆನೆಡಿಕ್ಟ್ ಸರ್ ಕುಟುಂಬದ ಫೋಟೋಗಳನ್ನೆಲ್ಲ ತೆಗೆದು ಕಪಾಟಿನಲ್ಲಿಟ್ಟ. ಸ್ವೀಡಲ್ ನೋಡುತ್ತ ನಿಂತಳು. ಒಂದು ಮೊಳೆ ಬರಿದಾಗಿ ಕಾಣುತ್ತಿತ್ತೆಂದು ತಾನೇ ಒಂದು ಕ್ಯಾಲೆಂಡರ್ ತೂಗುಹಾಕಿದಳು.

ಗೇಟಿನ ಹತ್ತಿರವೇ ಅಪೊಲೊನಿಯಾ ಚಪ್ಪಲಿ ಬಿಚ್ಚಿದಳು. ಕಾಲು ಸುಟ್ಟಿತು, ಮತ್ತೆ ಹಾಕಿಕೊಂಡಳು. ಒಳಗೆ ಬಂದವಳು ಗೋಡೆ ಮುಟ್ಟಿದಳು, ಪರದೆ ಮುಟ್ಟಿದಳು, ಯೇಸುವಿನ ಪಟದ ಎದುರು ಮೊಣಕಾಲೂರಿದಳು. ಎದ್ದಾಗ ಕೆನ್ನೆ ಒದ್ದೆಯಾಗಿತ್ತು. "ನಿನ್ನ ಅಪ್ಪ ನೋಡ್ಬೇಕಿತ್ತು," ಎಂದಳು.

"ಮೇಲೆ?" ಎಂದು ಮೆಟ್ಟಿಲು ತೋರಿಸಿದಳು.

"ಮೇಲೆ ಸಾಮಾನು ಹಾಕಿಟ್ಟಿದ್ದೇವೆ ಮಾಂಯ್," ಎಂದ ಜೋಸ್ವಿನ್, ಒಂದು ಚೂರೂ ತಡವರಿಸದೆ.

ಅಂದಿನಿಂದ ಊರಿಗೆ ಫೋನೋ ಫೋನು. ನೆರೆಮನೆಯ ಆಸ್ಯಮ್ಮನಿಗೆ, ಕಾನ್ವೆಂಟಿನ ಮದರ್‌ಗೆ, ಇಗರ್ಜಿಯ ಕೊಯರ್‌ನಲ್ಲಿ ಹಾಡುವ ಹೆಂಗಸರಿಗೆ. "ಆಸ್ಯಮ್ಮಾ, ನೆಲ ಕನ್ನಡಿಯ ಹಾಗೆ ಉಂಟು, ನಡೆಯುವಾಗ ನನ್ನ ಮುಖ ನನಗೇ ಕಾಣ್ತದೆ. ಮೀನನ್ನು ಪೆಟ್ಟಿಗೆಯಲ್ಲಿ ಸಾಕಿದ್ದಾರೆ, ತಿನ್ಲಿಕ್ಕೆ ಅಲ್ಲ, ನೋಡ್ಲಿಕ್ಕೆ!" ನೆಲ ಒರೆಸಲು ಹೋದರೆ ಸ್ವೀಡಲ್ ಬಟ್ಟೆ ಕಸಿದುಕೊಳ್ಳುತ್ತಿದ್ದಳು. "ನೀನು ಕೂತ್ಕೋ ಮಮ್ಮಿ. ಇಷ್ಟು ವರ್ಷ ಮಾಡಿದ್ದು ಸಾಕು." ತಾಯಿ ಸೋಫಾದ ಅಂಚಿನಲ್ಲಿ ಕೂತು, ಮಗಳು ಕೆಲಸ ಮಾಡುವುದನ್ನು ನೋಡುತ್ತಿದ್ದಳು. ಮದುವೆಗಾಗಿ ಕೊಂಡ ಜರಿಯಂಚಿನ ಸೀರೆಯನ್ನು ಇಗರ್ಜಿಯಲ್ಲಿ ಶುಕ್ರವಾರ ನಡೆಯುವ ಮಿಸಾ ಪೂಜೆಗೆ ಉಟ್ಟು ಹೊರಟಾಗ ಅವಳ ನಡಿಗೆಯೇ ಬೇರೆಯಾಗಿತ್ತು.

ಬದಲಾದದ್ದು ಜೋಸ್ವಿನ್ ಕೂಡ. ಊಟದ ಮೇಜಿನ ತುದಿಯ ಕುರ್ಚಿಯಲ್ಲಿ ಕೂರತೊಡಗಿದ. ತೋಟ ನೋಡಿಕೊಳ್ಳಲು ಬರುವ ಬಂಗಾಲಿಗೆ "ಯಲ್ಲಾ, ಯಲ್ಲಾ" ಎಂದು ಗದರಿಸತೊಡಗಿದ. ಸೋಫಾವನ್ನು ಶಾರ್ಜಾದಲ್ಲಿ ತಾನೇ ಆರಿಸಿ ತಂದದ್ದೆಂದು ಒಮ್ಮೆ ಅತ್ತೆಗೆ ಹೇಳಿದ. ಅಂಗಡಿಯವನೊಡನೆ ಚೌಕಾಸಿ ಮಾಡಿದ ಕತೆಯನ್ನೂ ಸೇರಿಸಿದ.

"ಸೋಫಾದ ಕತೆ ಯಾಕೆ ಬೇಕಿತ್ತು?" ಎಂದಳು ಸ್ವೀಡಲ್ ಅಡುಗೆಮನೆಯಲ್ಲಿ.

"ಅವರಿಗೆ ಖುಷಿ ಆಯ್ತಲ್ಲ."

"ಖುಷಿ ಆದದ್ದು ನಿನಗೆ."

ಅವನು ಮುಖ ಸಣ್ಣ ಮಾಡಿಕೊಂಡ. ಇಡೀ ದಿನ ಮಾತಾಡಲಿಲ್ಲ. ಈ ಮನೆಯಲ್ಲಿ ನಗು ಎಷ್ಟು ದೊಡ್ಡದಾಗಿ ಕೇಳುತ್ತಿತ್ತೋ ಮೌನವೂ ಅಷ್ಟೇ ದೊಡ್ಡದಾಗಿ ಕೇಳುತ್ತದೆಂದು ಸ್ವೀಡಲ್‌ಗೆ ತಿಳಿಯಿತು. ಅವನು ಬೆನೆಡಿಕ್ಟ್ ಸರ್‌ಗೆ ಇನ್ನೂ ಏನನ್ನೂ ಹೇಳಿಲ್ಲವೆಂದು ಅವಳಿಗೆ ಗೊತ್ತಿತ್ತು. ಕೇಳಿದಾಗಲೆಲ್ಲ "ಹೇಳ್ತೇನೆ" ಎನ್ನುತ್ತಿದ್ದ.

ಈದ್ ಕಳೆದು ಬಂದ ಮೊದಲ ಶುಕ್ರವಾರ. ಮಿಸಾ ಮುಗಿಸಿ ಬಂದು ಊಟಕ್ಕೆ ಕೂತಿದ್ದರು. ಜೋಸ್ವಿನ್‌ನ ಫೋನು ಹೊಡೆದುಕೊಂಡಿತು. ಹೆಸರು ನೋಡಿದವನೇ ಎದ್ದು ಹೊರಗೆ, ಆ ಸುಡುವ ಅಂಗಳಕ್ಕೆ ಹೋದ. ಹಿಂತಿರುಗಿ ಬರುವಾಗ ಅಂಗಿ ಬೆನ್ನಿಗೆ ಅಂಟಿತ್ತು. ಸ್ವೀಡಲ್‌ಳನ್ನು ಅಡುಗೆಮನೆಗೆ ಕರೆದ.

"ಸರ್, ಆಂಟಿ ನಾಳೆ ಬೆಳಿಗ್ಗೆ ಬರ್ತಾರಂತೆ. ಊರಲ್ಲಿ ಮಳೆ, ಇಬ್ಬರು ಮಕ್ಕಳಿಗೂ ಜ್ವರ, ಕರೆಂಟಿಲ್ಲ. ಸಾಕಾಯ್ತಂತೆ."

ಸ್ವೀಡಲ್ ಒಂದು ಕ್ಷಣ ಕಣ್ಣು ಮುಚ್ಚಿದಳು. "ಖಲಾಸ್. ಈಗಲೇ ಮಮ್ಮಿಗೆ ಎಲ್ಲ ಹೇಳಿಬಿಡುವ. ಸರ್‌ಗೂ ಹೇಳು. ಬೈದ್ರೆ ಬೈಲಿ."

"ಬೇಡ, ನಾನು ನೋಡ್ಕೊಳ್ತೇನೆ."

ಅವನು ನೋಡಿಕೊಂಡ ರೀತಿ ಹೀಗಿತ್ತು. ಇದು ಕಂಪನಿಯ ಮನೆ, ನಮ್ಮ ಮ್ಯಾನೇಜರ್ ಊರಿನಿಂದ ಬರುವವರು, ನಾಲ್ಕು ದಿನ ಇಲ್ಲೇ ಉಳಿಯುತ್ತಾರೆ ಎಂದು ಅತ್ತೆಗೆ ಹೇಳಿದ. ಅಪೊಲೊನಿಯಾ ಸಂಭ್ರಮಪಟ್ಟಳು. ಅಳಿಯನ ದೊಡ್ಡ ಸಾಹೇಬರು! ಅಕ್ಕಿ ನೆನೆಹಾಕಿ ಬೆಳಿಗ್ಗೆಗೆ ಇಡ್ಲಿಯಂಥ ಸಾನ್ನಾಂ ಬೇಯಿಸಿದಳು, ಕೋಳಿ ಸಾರು ಮಾಡಿದಳು, ಜರಿಯಂಚಿನ ಸೀರೆ ಉಟ್ಟು, ತಲೆ ಬಾಚಿ, ಬಾಗಿಲಲ್ಲಿ ಮಗಳ ಪಕ್ಕದಲ್ಲಿ ನಿಂತಳು. ಫೋಟೋಗಳು ಗೋಡೆಗೆ ಮರಳಿದ್ದನ್ನು ಅವಳು ಗಮನಿಸಿದಳೋ ಇಲ್ಲವೋ ಸ್ವೀಡಲ್‌ಗೆ ತಿಳಿಯಲಿಲ್ಲ.

ಕಾರಿನಿಂದ ಇಳಿದ ಮಾರ್ಟಿನಾರ ತೋಳಿನ ಮೇಲೆ ಕಿರಿಯ ಹುಡುಗ ನಿದ್ದೆ ಹೋಗಿದ್ದ. ಬೆನೆಡಿಕ್ಟ್ ಸರ್ ಡ್ರೈವರ್‌ಗೆ ಬಾಡಿಗೆ ಕೊಡುತ್ತಿದ್ದರು. ಮಾರ್ಟಿನಾ ಒಳಗೆ ಬಂದು, ಅಪೊಲೊನಿಯಾಳನ್ನು ಕಂಡು, ದಣಿದ ಮುಖದಲ್ಲೇ ನಕ್ಕರು.

"ಇವರೇನಾ ಅಪೊಲೊನಿಯಾ ಬಾಯಿ? ಜೋಸ್ವಿನ್ ಫೋನಲ್ಲಿ ಹೇಳಿದ, ಕೆಲಸ ಹುಡುಕಿಕೊಂಡು ಊರಿಂದ ಬಂದಿದ್ದಾರೆ, ಮನೆ ಕ್ಲೀನ್ ಮಾಡ್ಲಿಕ್ಕೆ ಕರೆಸಿದ್ದೇನೆ ಅಂತ. ದೇವರೇ ಕಳಿಸಿದ ಹಾಗಾಯ್ತು. ನಮ್ಮ ಲಂಕಾದವಳು ಇನ್ನು ಬರುವುದಿಲ್ಲ ಅಂತ ಮೆಸೇಜ್ ಹಾಕಿದ್ದಾಳೆ. ಅಡುಗೆ ಬರ್ತದಾ ಬಾಯಿ?"

ಅಪೊಲೊನಿಯಾ ಮಗಳ ಕಡೆ ನೋಡಿದಳು. ಸ್ವೀಡಲ್ ಗಂಡನ ಕಡೆ ನೋಡಿದಳು. ಅವನು ಎರಡೂ ಕೈಯಲ್ಲಿ ಸೂಟ್‌ಕೇಸ್ ಹಿಡಿದು, ಹೊಸ್ತಿಲಿನ ಮೇಲೆ ಕಣ್ಣು ನೆಟ್ಟು ನಿಂತಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಸ್ವೀಡಲ್ ಕಾದಳು. ತಾನು ಬಾಯಿ ತೆರೆಯಬಹುದು ಎಂಬುದೂ ಅವಳಿಗೆ ಹೊಳೆದಿತ್ತು. ನಾಲಿಗೆ ಏಳಲಿಲ್ಲ. ಬೆನೆಡಿಕ್ಟ್ ಸರ್ ಬಾಗಿಲಿಗೆ ಬಂದುಬಿಟ್ಟಿದ್ದರು.

"ಬರ್ತದೆ ಬಾಯಿ," ಎಂದಳು ಅಪೊಲೊನಿಯಾ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಳಿಯನ ಕೈಯಿಂದ ಒಂದು ಸೂಟ್‌ಕೇಸ್ ತೆಗೆದುಕೊಂಡು ಒಳಗೆ ನಡೆದಳು.

ಗೆಸ್ಟ್ ರೂಮಿನ ಬಾಗಿಲು ಹಾಕಿಕೊಂಡು ಸ್ವೀಡಲ್ ಅವನ ಅಂಗಿ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ನಾನು ಬೇಕಂತ ಹೇಳಿದ್ದಲ್ಲ ಸ್ವೀಡಲ್. ಪಕ್ಕದ ವಿಲ್ಲಾದ ವಾಚ್‌ಮ್ಯಾನ್ ಆಂಟಿಗೆ ಮೊದಲೇ ಹೇಳಿದ್ದಾನೆ, ಮನೆಯಲ್ಲಿ ಯಾರೋ ಹೆಂಗಸಿದ್ದಾರೆ ಅಂತ. ಯಾರದು ಅಂತ ಕೇಳಿದ್ರು. ಕೇಳದೆ ಕರೆಸಿದ್ದೇನೆ ಅಂದ್ರೆ ನನ್ನ ಕೆಲಸ? ವೀಸಾ ಅವರದ್ದು. ಬಾಯಿಗೆ ಬಂದದ್ದು ಹೇಳಿಬಿಟ್ಟೆ."

"ನನ್ನ ಅಮ್ಮ ನಿನ್ನ ಬಾಯಿಗೆ ಬಂದದ್ದು ಕೆಲಸದವಳಾಗಿಯಾ?"

"ಎರಡು ದಿನ. ಆಮೇಲೆ ಎಂತಾದ್ರೂ ಹೇಳಿ ಕರ್ಕೊಂಡು ಹೋಗುವ."

"ಎಲ್ಲಿಗೆ?"

ಸತ್ವಾದ ಮಂಚದ ಪಕ್ಕದ ಚಾಪೆಯಷ್ಟು ಜಾಗ ಇಬ್ಬರ ಕಣ್ಣಿಗೂ ಬಂತು.

ಅಡುಗೆಮನೆಯಲ್ಲಿ ಅಪೊಲೊನಿಯಾ ಅಷ್ಟರಲ್ಲೇ ಜರಿಸೀರೆ ಬದಲಿಸಿ ಹಳೆಯ ನೂಲಿನ ಸೀರೆ ಉಟ್ಟಿದ್ದಳು. ಮಕ್ಕಳಿಗೆ ಗಂಜಿ ಇಟ್ಟಿದ್ದಳು. ತಿರುಗಿ ನೋಡದೆಯೇ ಕೇಳಿದಳು.

"ನಿಮ್ಮ ಮನೆ ಎಲ್ಲಿ?"

"ದುಬೈಯಲ್ಲಿ. ಸತ್ವಾ ಅಂತ."

"ಎರಡು ರೂಮು?"

"ಒಂದು. ಅದೂ... ಪಾಲು ಮಾಡಿದ್ದು, ಮಮ್ಮಿ."

ಗಂಜಿ ಉಕ್ಕಿತು. ಅಪೊಲೊನಿಯಾ ಒಲೆ ಸಣ್ಣ ಮಾಡಿದಳು. "ಹೋಗಿ ನೀವು. ನನ್ನ ಟಿಕೆಟ್ ಹೇಗೂ ಸೆಪ್ಟೆಂಬರಿಗೆ ಉಂಟಲ್ಲ. ಅಲ್ಲಿಯವರೆಗೆ ನನಗೆ ಮಲಗ್ಲಿಕ್ಕೆ ಒಂದು ಜಾಗ ಆಯ್ತು."

ಮಾರ್ಟಿನಾ ಕೆಟ್ಟವರೇನಲ್ಲ. ಅಡುಗೆಮನೆಯ ಹಿಂದಿನ ಕೋಣೆಗೆ ಏಸಿ ಹಾಕಿಸಿದರು, ತಾವು ಕುಡಿಯುವ ಚಹಾವನ್ನೇ ಕೊಟ್ಟರು, ಮರ್ಯಾದೆಯಿಂದ ಬಾಯಿ ಬಾಯಿ ಎಂದೇ ಮಾತಾಡಿಸಿದರು. ಸಂಬಳವನ್ನೂ ಕೊಡುವೆನೆಂದರು. ಅವರು ಬಂದ ದಿನದ ಸಂಜೆಯೇ ಜೋಸ್ವಿನ್ ಮತ್ತು ಸ್ವೀಡಲ್ ಸತ್ವಾಕ್ಕೆ ಹಿಂತಿರುಗಿದರು. ಗೇಟಿನವರೆಗೆ ಬಂದ ಅಪೊಲೊನಿಯಾ, ಮಾರ್ಟಿನಾ ನೋಡುತ್ತಿದ್ದುದರಿಂದ, ಮಗಳಿಗೆ ಕೈಮುಗಿದಳು.

ಆಗಸ್ಟ್ ಇಡೀ ಹೀಗೆ ಹೋಯಿತು. ಶುಕ್ರವಾರ ಬೆಳಿಗ್ಗೆ ಇಬ್ಬರೂ ದುಬೈಯಿಂದ ಬಸ್ಸು ಹಿಡಿದು ಅಬುಧಾಬಿಯ ಇಗರ್ಜಿಗೆ ಬರುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಅಪೊಲೊನಿಯಾ ಕಿರಿಯ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿರುತ್ತಿದ್ದಳು. ಮಿಸಾದ ನಡುವೆ, ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದು ಪಾದ್ರಿಗಳು ಅಂದಾಗ ಮಗಳ ಕಡೆಗೂ ಅಳಿಯನ ಕಡೆಗೂ ಒಂದೇ ರೀತಿ, ಗುರುತಿಲ್ಲದವರಿಗೆ ಬಾಗುವ ಹಾಗೆ, ತಲೆ ಬಾಗಿಸುತ್ತಿದ್ದಳು. ಜೋಸ್ವಿನ್ ತಲೆ ಎತ್ತುತ್ತಿರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ಅವನು ಅಳುತ್ತಿದ್ದ. ಮೊದಮೊದಲು ಸ್ವೀಡಲ್ ಅವನ ಕೈ ಹಿಡಿಯುತ್ತಿದ್ದಳು. ಆಮೇಲೆ ಅದೂ ಆಗಲಿಲ್ಲ.

ಆಗಸ್ಟಿನ ಕೊನೆಯ ಶುಕ್ರವಾರ ಮಾರ್ಟಿನಾ ಇಬ್ಬರನ್ನೂ ಊಟಕ್ಕೆ ಕರೆದರು. ಮೇಜಿಗೆ ಕೂತರು. ಅಪೊಲೊನಿಯಾ ಬಡಿಸಿದಳು. ಜೋಸ್ವಿನ್‌ನ ತಟ್ಟೆಗೆ, ಆಮೇಲೆ ಮಗಳ ತಟ್ಟೆಗೆ. ಮುಳ್ಳು ತೆಗೆದ ಮೀನಿನ ತುಂಡನ್ನು ಆರಿಸಿ ಸ್ವೀಡಲ್‌ಗೆ ಹಾಕಿದಳು. ಚಿಕ್ಕಂದಿನಿಂದ ಹಾಗೆಯೇ ಹಾಕುತ್ತಿದ್ದವಳು.

"ಬಾಯಿ, ನೀವು ಆಮೇಲೆ ತಿನ್ನಿ, ಮೊದಲು ಮಕ್ಕಳಿಗೆ ಮೊಸರು ಕೊಡಿ," ಎಂದರು ಮಾರ್ಟಿನಾ, ಸಹಜವಾಗಿ.

ಸ್ವೀಡಲ್‌ಳ ಕೈ ತಟ್ಟೆಯಲ್ಲೇ ನಿಂತಿತು. "ಆಂಟಿ," ಎಂದಳು. "ಇವರು ನನ್ನ ಅಮ್ಮ."

ಬೆನೆಡಿಕ್ಟ್ ಸರ್ ತಲೆಯೆತ್ತಿದರು. "ಎಂತ?"

"ನನ್ನ ಸ್ವಂತ ಅಮ್ಮ. ನಾವು ಸುಳ್ಳು ಹೇಳಿದ್ದು."

ಅಪೊಲೊನಿಯಾ ಮೊಸರಿನ ಪಾತ್ರೆ ಕೆಳಗಿಟ್ಟು ನಕ್ಕಳು. ಅಷ್ಟು ಹಗುರವಾದ ನಗು ಅವಳ ಬಾಯಲ್ಲಿ ಸ್ವೀಡಲ್ ಕೇಳಿದ್ದೇ ಇಲ್ಲ. "ಅಯ್ಯೋ ಸರ್, ಈ ಹುಡುಗಿಯದ್ದು ಯಾವಾಗಲೂ ಇದೇ. ಪ್ರಾಯದವರನ್ನೆಲ್ಲ ಮಮ್ಮಿ ಅಂತಾಳೆ. ಊರಲ್ಲಿ ಇವಳ ತಾಯಿ ನನಗೆ ಗೊತ್ತು, ನಮ್ಮದೇ ಕೇರಿಯವಳು. ತಾಯಿಯ ನೆನಪಾಗಿ ಹೀಗೆ ಹೇಳುವುದು. ಪಾಪ, ಮೊದಲನೇ ವರ್ಷ ಅಲ್ವಾ."

ಮಾರ್ಟಿನಾರ ಮುಖ ಸಡಿಲವಾಯಿತು. "ನನಗೂ ಹಾಗೇ ಆಗಿತ್ತು ಸ್ವೀಡಲ್. ಮದುವೆಯಾಗಿ ಬಂದ ವರ್ಷ ಎಲ್ಲರಲ್ಲೂ ಮಮ್ಮಿಯೇ ಕಾಣ್ತಿದ್ಲು," ಎಂದು ಅವಳ ಬೆನ್ನು ಸವರಿದರು. ಸ್ವೀಡಲ್ ಮತ್ತೆ ಬಾಯಿ ತೆರೆದಳು. ಮೇಜಿನಾಚೆಯಿಂದ ತಾಯಿ ಅವಳನ್ನು ನೋಡಿದ ನೋಟಕ್ಕೆ ಮಾತು ಒಳಗೇ ಉಳಿಯಿತು.

ಹಿತ್ತಲಿನಲ್ಲಿ ಬಟ್ಟೆ ಹರವುವ ಹಗ್ಗದ ಹತ್ತಿರ ಅವಳು ತಾಯಿಯನ್ನು ಹಿಡಿದಳು. "ಯಾಕೆ ಮಮ್ಮಿ? ನಾನು ಹೇಳಿದೆನಲ್ಲ!"

"ಹೇಳುವ ದಿನ ಹೇಳ್ಲಿಲ್ಲ ನೀನು." ಅಪೊಲೊನಿಯಾ ಹುಡುಗನ ಅಂಗಿಯನ್ನು ಜಾಡಿಸಿ ಹಗ್ಗಕ್ಕೆ ಹಾಕಿದಳು. "ಈಗ ಹೇಳಿ ಎಂತ ಮಾಡ್ತಿ? ನಿನ್ನ ಗಂಡನ ಕೆಲಸ ಹೋಗ್ತದೆ. ನೀವಿಬ್ಬರೂ ಊರಿಗೆ ಬರ್ತೀರಿ. ಮತ್ತೆ ನಾನು? ಇಲ್ಲಿಯವರೆಗೆ ಈ ಮನೆಯಲ್ಲಿ ನಾನು ಕೆಲಸದವಳು ಮಾತ್ರ. ನೀನು ಹೇಳಿದ ಮೇಲೆ, ಮಗಳೇ ಕೆಲಸಕ್ಕೆ ಬಿಟ್ಟ ತಾಯಿ. ನನಗೆ ಕೆಲಸದವಳಾಗಿರುವುದೇ ಸುಲಭ."

ಸ್ವೀಡಲ್ ಬಿಸಿಲಲ್ಲಿ ನಿಂತೇ ಇದ್ದಳು. ತಾಯಿ ಉಳಿದ ಬಟ್ಟೆಗಳನ್ನು ಒಂದೊಂದಾಗಿ ಹರವಿ, ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಅಪೊಲೊನಿಯಾ ಊರಿಗೆ ಹೊರಡುವ ದಿನ ಮಾರ್ಟಿನಾ ಸೀರೆ, ಹಾಲಿನ ಪುಡಿ, ಖರ್ಜೂರ ಕೊಟ್ಟು, ಮುಂದಿನ ವರ್ಷವೂ ಬನ್ನಿ ಬಾಯಿ ಎಂದರು. ವಿಮಾನ ನಿಲ್ದಾಣದಲ್ಲಿ ಜೋಸ್ವಿನ್ ಎಲ್ಲರೆದುರು ಅತ್ತೆಯ ಕಾಲು ಹಿಡಿಯಲು ಬಾಗಿದ. ಅಪೊಲೊನಿಯಾ ತಡೆದಳು. "ಎದ್ದೇಳು ಪುತಾ. ಕೆಲಸ ನೋಡ್ಕೋ," ಎಂದು ಅವನ ಹಣೆಗೆ ಶಿಲುಬೆಯ ಗುರುತು ಹಾಕಿದಳು. ಅವನು ಟ್ರಾಲಿ ತರಲು ಹೋದಾಗ ಮಗಳಿಗೆ ಹೇಳಿದಳು:

"ಅವನೊಟ್ಟಿಗೆ ಜಗಳ ಮಾಡಬೇಡ. ಹೆದರಿ ಹೇಳಿದ್ದು ಅವನು. ಹೊರಗಿನ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ."

ಇನ್ನೊಂದು ಮಾತಿಗಾಗಿ ಸ್ವೀಡಲ್ ಕಾದಳು. ತಾಯಿ ಪಾಸ್‌ಪೋರ್ಟ್ ಹುಡುಕುತ್ತ ಚೀಲದೊಳಗೆ ಕೈ ಹಾಕಿದಳು. ಹಣೆಗೆ ಶಿಲುಬೆ ಹಾಕಿದಳು, ಕೆನ್ನೆಗೆ ಮುತ್ತಿಟ್ಟಳು, ಒಳಗೆ ಹೋದಳು. ಆ ಇನ್ನೊಂದು ಮಾತು ಬರಲಿಲ್ಲ.

ಊರಿಗೆ ಮುಟ್ಟಿದ ಅಪೊಲೊನಿಯಾ ಮಾತೆ ಮರಿಯಮ್ಮನ ಮೊಂತಿ ಹಬ್ಬದ ದಿನ ಇಗರ್ಜಿಯ ಅಂಗಳದಲ್ಲಿ ಮಗಳ ಮನೆಯ ಬಗ್ಗೆ ಹೇಳಿದಳಂತೆ. ಗೋಡೆಯ ಬಣ್ಣ, ಮೀನಿನ ಪೆಟ್ಟಿಗೆ, ಅಳಿಯ ಶಾರ್ಜಾದಲ್ಲಿ ಚೌಕಾಸಿ ಮಾಡಿ ತಂದ ಸೋಫಾ. ಕೇಳಿದವರು ಸ್ವೀಡಲ್‌ಗೆ ಮೆಸೇಜ್ ಹಾಕಿದರು. ಒಬ್ಬ ಚಿಕ್ಕಮ್ಮ ಡಿಸೆಂಬರಿನಲ್ಲಿ ಬಂದು ಹದಿನೈದು ದಿನ ಉಳಿಯಬಹುದೇ ಎಂದು ಕೇಳಿದಳು.

ಮರುವಾರವೇ ಸ್ವೀಡಲ್ ಕೆಲಸ ಹುಡುಕಿದಳು. ಅಲ್ ಬರ್ಷಾದ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ರಿಸೆಪ್ಷನಿಸ್ಟ್. ಉಳಿಯಲು ಇಬ್ಬರು ಮಲಯಾಳಿ ನರ್ಸುಗಳ ಜೊತೆ ಒಂದು ರೂಮು ಅವರೇ ಕೊಡುತ್ತಿದ್ದರು. ರೂಮಿಗೆ ಹೋಗುತ್ತೇನೆಂದು ಕೆಫೆಟೇರಿಯಾದಲ್ಲಿ ಕೂತು ಜೋಸ್ವಿನ್‌ಗೆ ಹೇಳಿದಳು. ಅವನು ಚಹಾ ಕೆಳಗಿಟ್ಟ.

"ಮದುವೆಯಾಗಿ ಒಂದು ವರ್ಷ ಆಗ್ಲಿಲ್ಲ. ಹೆಂಡತಿ ಬೇರೆ ರೂಮಿನಲ್ಲಿ ಅಂದ್ರೆ ಜನ ಎಂತ ಹೇಳ್ತಾರೆ?"

"ಜನರಿಗೆ ಎಂತ ಹೇಳ್ಬೇಕು ಅಂತ ನಿನಗೆ ಗೊತ್ತುಂಟಲ್ಲ."

ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತು. ಅವನು "ಎಷ್ಟು ದಿನಕ್ಕೆ?" ಎಂದಷ್ಟೇ ಕೇಳಿದ.

"ಗೊತ್ತಿಲ್ಲ ಜೋಸ್ವಿನ್. ನಿನ್ನ ಮೇಲಿನ ಸಿಟ್ಟಿಗೆ ಅಲ್ಲ. ನಿನ್ನ ಮುಖ ನೋಡಿದ್ರೆ ನನಗೆ ನಾನು ಬಾಗಿಲಲ್ಲಿ ನಿಂತದ್ದು ಕಾಣ್ತದೆ."

ಸೂಟ್‌ಕೇಸನ್ನು ಅವನೇ ಬಸ್ ಸ್ಟಾಪಿನವರೆಗೆ ಹೊತ್ತು ತಂದ. ಆಮೇಲಿನ ಶುಕ್ರವಾರಗಳಲ್ಲಿ ಮಿಸಾ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಊಟ ಮಾಡುತ್ತಿದ್ದರು, ನಿಶ್ಚಿತಾರ್ಥವಾದವರ ಹಾಗೆ ಎದುರುಬದುರು ಕೂತು, ಸೆಕೆ ಕಡಿಮೆಯಾದದ್ದರ ಬಗ್ಗೆ ಮಾತಾಡುತ್ತ.

ತಾಯಿ ವಾರಕ್ಕೊಮ್ಮೆ ತಪ್ಪದೆ ಫೋನು ಮಾಡುತ್ತಾಳೆ. ಜೋಸ್ವಿನ್‌ನೊಡನೆ ತುಂಬ ಹೊತ್ತು ಮಾತಾಡುತ್ತಾಳಂತೆ, ನಗುತ್ತಾಳಂತೆ ಕೂಡ. ಸ್ವೀಡಲ್‌ಳೊಡನೆ ಮಾತು ಬೇಗ ಮುಗಿಯುತ್ತದೆ. ಊಟ ಆಯ್ತಾ, ಹುಷಾರಿದ್ದೀಯಾ, ಮಿಸಾಕ್ಕೆ ಹೋದಿಯಾ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಏನನ್ನೂ ಕೇಳಿ ಕಾಡುವುದಿಲ್ಲ. ದೊಡ್ಡವರ ಮನೆಯ ಹೆಣ್ಣುಮಗಳೊಡನೆ ಮಾತಾಡುವ ಹಾಗೆ ಜಾಗ್ರತೆಯಿಂದ ಮಾತಾಡಿ, "ನಿನಗೆ ಕೆಲಸ ಉಂಟೋ ಏನೋ, ಇಡ್ತೇನೆ ಹಾಗಾದ್ರೆ," ಎನ್ನುತ್ತಾಳೆ.